ಬೆಳ್ಳಿಯ ಬಟ್ಟಲೂ ಮೋಡದ ಚಿತ್ರವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಬೋಸ್ಟನ್ ನಗರದಲ್ಲಿ ಲಲಿತಕಲೆಗಳ ಒಂದು ದೊಡ್ಡ ವಸ್ತುಸಂಗ್ರಹಾಲಯವುಂಟು. 1870ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು, ಆ ದೇಶವು ತಾನು ಸ್ವತಂತ್ರವೆಂದು ಸಾರಿಕೊಂಡು ಸರಿಯಾಗಿ ನೂರು ವರ್ಷ ತುಂಬಿದ 1876ರ ಜುಲೈ 4ರಂದು ಜನರಿಗೆ ಬಾಗಿಲು ತೆರೆಯಿತು. ಈಜಿಪ್ಟು, ಜಪಾನು, ಭಾರತ ಮೊದಲಾದ ದೇಶಗಳ ಅಮೂಲ್ಯ ವಸ್ತುಗಳು ಅಲ್ಲಿವೆ. ಅವನ್ನೆಲ್ಲ ಬದಿಗಿಟ್ಟು, ಅಮೆರಿಕದವರು ತಮ್ಮ ಸ್ವಂತದ ವಸ್ತುಗಳನ್ನು ಅಲ್ಲಿ ಹೇಗೆ ಕೂಡಿಟ್ಟುಕೊಂಡರೆಂಬುದನ್ನು ಮಾತ್ರ ನಾವು ಇಲ್ಲಿ ನೋಡಹೊರಟಿದ್ದೇವೆ. ಒಂದು ಬೆಳ್ಳಿಯ ಬಟ್ಟಲು, ಒಂದು ತೈಲಚಿತ್ರ, ಇಪ್ಪತ್ತೇಳು ಛಾಯಾಚಿತ್ರಗಳು: ಇಷ್ಟೇ ನಮ್ಮ ವಿಷಯ. ಪೆರಿಯನಾಯಕನಪಾಳ್ಯದಲ್ಲಿ ಕುಳಿತು ಬೋಸ್ಟನ್ನಿನ ಬಟ್ಟಲಿನ ಮಾತೇಕೆ ಎನ್ನುವವರು ಸ್ವಲ್ಪ ತಾಳ್ಮೆ ವಹಿಸಬೇಕು. ಆ ಛಾಯಾಚಿತ್ರಗಳ ಕಥೆಯೊಳಗೆ ತಮಿಳು ತಂದೆಯ ಮಗನಾದ ಒಬ್ಬ ಪಂಡಿತರೂ, ಮೈಸೂರಿನ ಒಬ್ಬ ಚಿತ್ರಕಾರರೂ, ಮೇಟ್ಟುಪಾಳ್ಯದ ರಸ್ತೆಯಲ್ಲಿ ಹೋಗುವವರಿಗೆಲ್ಲ ಪರಿಚಿತವಾದ ನೀಲಗಿರಿಯೂ ಬರುವುದುಂಟು.

ಮೊದಲು ಬಟ್ಟಲು. ಅದರ ಎತ್ತರ ಐದೂವರೆ ಅಂಗುಲ, ಬಾಯಿಯ ಅಗಲ ಹನ್ನೊಂದು ಅಂಗುಲ. ನಮ್ಮ ಮದುವೆಮನೆಗಳಲ್ಲಿ ಪಾಯಸ ಬಡಿಸಲು ಹಿಡಿಯುವ ಪಾತ್ರೆಗಿಂತ ಹೆಚ್ಚು ದೊಡ್ಡದೇನೂ ಅಲ್ಲ. ಬೋಸ್ಟನ್ನಿನ ಅಕ್ಕಸಾಲಿಗನಾದ ಪಾಲ್ ರಿವಿಯರ್ ಎಂಬುವನು 1768ರಲ್ಲಿ ಅದನ್ನು ಮಾಡಿದನು. ಆಗ ಅಮೆರಿಕದ ಪೂರ್ವ ಕರಾವಳಿಯ ವಸಾಹತುಗಳು ಬ್ರಿಟಿಷ್ ದೊರೆಯ ಆಳ್ವಿಕೆಗೆ ಒಳಪಟ್ಟಿದ್ದುವು. 1767ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗಾಜು, ಕಾಗದ, ಬಣ್ಣ, ಸೀಸ, ಚಹ ಇವುಗಳ ಮೇಲೆ ಸುಂಕ ವಿಧಿಸಿತು. ಸುಂಕ ಹಾಕುವ ಸಭೆಯಲ್ಲಿ ತಮ್ಮವನೊಬ್ಬನೂ ಇಲ್ಲದಿರುವಾಗ ತಾವು ಅದನ್ನು ಕೊಡುವುದು ಹೇಗೆಂದು ಮ್ಯಾಸಚೂಸೆಟ್ಸ್ ಪ್ರಾಂತದ ಪ್ರತಿನಿಧಿಸಭೆಯು ಇತರ ವಸಾಹತುಗಳಿಗೆಲ್ಲ ಪತ್ರ ಬರೆಯಿತು. ಪತ್ರವನ್ನು ಹಿಂತೆಗೆದುಕೊಳ್ಳಬೇಕೆಂದು ಲಂಡನ್ನಿನಿಂದ ಅಪ್ಪಣೆ ಬಂದಿತು. 1768ರ ಜೂನ್ ತಿಂಗಳ ಕೊನೆಯಲ್ಲಿ ಸಭೆ ಸೇರಿ ಮತ ಎಣಿಸಿದಾಗ, ಹಿಂತೆಗೆದುಕೊಳ್ಳೋಣವೆಂದವರು 17 ಮಂದಿ, ಆಗದೆಂದವರು 92 ಮಂದಿ. ಆ ತೊಂಬತ್ತೆರಡು ಜನರ ಗೌರವಾರ್ಥವಾಗಿ ‘ಸ್ವಾತಂತ್ರ್ಯದ ಪುತ್ರರು’ ಎಂಬ ಕೂಟಕ್ಕೆ ಸೇರಿದ ಹದಿನೈದು ಮಂದಿ ಈ ಬಟ್ಟಲನ್ನು ಮಾಡಿಸಿದರು. ಅವರ ಹೆಸರುಗಳು ಬಟ್ಟಲಿನ ಬಾಯಿಯ ಕೆಳಗೆ ಸುತ್ತಲೂ ಕೆತ್ತಲ್ಪಟ್ಟಿವೆ.

ಇದರಲ್ಲಿ ಮಕ್ಕಳು ಇಷ್ಟಪಡುವ ಒಂದು ಲೆಕ್ಕವೂ ಅಡಗಿದೆ. ಬಟ್ಟಲಿನ ತೂಕ 45 ಔನ್ಸು, ಅದು ಹಿಡಿಯುವ ಪಾನೀಯ 45 ಗಿಲ್ಲು. ಇಂಗ್ಲೆಂಡಿನಲ್ಲಿ ಜಾನ್ ವಿಲ್ಕ್ಸ್ ಎಂಬುವನು ತನ್ನ ಪತ್ರಿಕೆಯ 45ನೆಯ ಸಂಚಿಕೆಯಲ್ಲಿ ದೊರೆಯ ಸರ್ಕಾರವನ್ನು ಟೀಕಿಸಿ ಸೆರೆಮನೆ ಕಂಡಿದ್ದನು. ಅಂದಿನಿಂದ 45 ಎಂಬ ಅಂಕಿಯೇ ಸರ್ಕಾರವನ್ನು ಎದುರಿಸುವವರ ಗುರುತಾಗಿತ್ತು. ಅಕ್ಕಸಾಲಿಗನು ಆ ಅಂಕಿಯನ್ನು ಬೆಳ್ಳಿಯ ತೂಕದಲ್ಲಿಯೇ ಇಟ್ಟುಬಿಟ್ಟನು. ಬೆಳ್ಳಿ ಬಂಗಾರ ತೂಗುವ ಟ್ರಾಯ್ ಔನ್ಸು ಸುಮಾರು 31.1 ಗ್ರಾಂ, ಬಟ್ಟಲು ಎಷ್ಟು ಗ್ರಾಮೆಂಬುದನ್ನು ಐದನೆಯ ತರಗತಿಯ ಹುಡುಗರು ಗುಣಿಸಿ ಹೇಳಬಲ್ಲರು.

ಅದೇ ಕಾಲದಲ್ಲಿ ನಮ್ಮ ಕೊಯಮತ್ತೂರು ಸೀಮೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ಪಾಠದಲ್ಲಿ ಜೊತೆಗಿಟ್ಟು ಹೇಳುವುದು ಒಳ್ಳೆಯದು. ಅದು ಮೊದಲನೆಯ ಮೈಸೂರು ಯುದ್ಧದ ಕಾಲ (1767–69). ಕೊಯಮತ್ತೂರು ಆಗ ಹೈದರಾಲಿಯ ಆಳ್ವಿಕೆಯಲ್ಲಿದ್ದಿತು. ಕುಂಪಣಿಯ ಸೈನ್ಯವು ಇಲ್ಲಿನ ಕೋಟೆಗಳನ್ನು ಹಿಡಿದುದೂ ಹೈದರನು ಅವನ್ನು ಮರಳಿ ಪಡೆದುದೂ ಆ ಯುದ್ಧದಲ್ಲಿಯೇ. ಮುಂದೆ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ಬಂದು ನಿಂತನು. 1773ರ ಡಿಸೆಂಬರಿನಲ್ಲಿ ಬೋಸ್ಟನ್ನಿನ ಜನ ಸಮುದ್ರಕ್ಕೆ ಸುರಿದ ಚಹವೂ ನಮ್ಮನ್ನಾಳಿದ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಆದರೆ ಅದು ನೀಲಗಿರಿಯದೆಂದು ಮಕ್ಕಳು ತಿಳಿಯದಿರಲಿ; ಅದು ಚೀನಾದಿಂದ ತಂದ ಚಹ. ನಮ್ಮ ಬೆಟ್ಟಗಳಲ್ಲಿ ಆಗಿನ್ನೂ ಚಹದ ಗಿಡವಿರಲಿಲ್ಲ.

ಇಷ್ಟು ಪ್ರಸಿದ್ಧವಾದ ಬಟ್ಟಲು ಮೊದಲಿನಿಂದಲೂ ಸಂಗ್ರಹಾಲಯದಲ್ಲಿಯೇ ಇದ್ದಿತೆಂದು ತಿಳಿಯಬಾರದು. ನೂರೆಂಬತ್ತು ವರ್ಷ ಅದು ಖಾಸಗಿ ಮನೆಗಳಲ್ಲಿದ್ದಿತು. 1949ರಲ್ಲಿ ಸಂಗ್ರಹಾಲಯವು ಅದನ್ನು ಕೊಂಡಿತು. ಕೊಳ್ಳುವ ಹಣದಲ್ಲಿ ಬೋಸ್ಟನ್ನಿನ ಶಾಲೆಯ ಮಕ್ಕಳೂ ಸಾಮಾನ್ಯ ಜನರೂ ಕೊಟ್ಟ ಏಳುನೂರು ಕಾಣಿಕೆಗಳು ಸೇರಿದ್ದುವು. ಮಕ್ಕಳು ಕೊಟ್ಟುದು ಚಿಲ್ಲರೆ ಕಾಸು. ಅಷ್ಟರಿಂದಲೇ ಬಟ್ಟಲಿನ ಬೆಲೆ ತುಂಬಿರಲಾರದು. ದೊಡ್ಡ ಹಣ ಬೇರೆಯವರದೇ ಇರಬೇಕು. ಆದರೂ ಕಾಸು ಕೊಟ್ಟ ಹುಡುಗನು ಮುದುಕನಾದ ಮೇಲೆ ಮೊಮ್ಮಗನ ಕೈಹಿಡಿದು ಹೋಗಿ, ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ‘ಇದರಲ್ಲಿ ನನ್ನದೂ ಒಂದಿಷ್ಟು ಇದೆ’ ಎನ್ನಬಹುದಷ್ಟೆ. ಈ ಸಂಗತಿಯು ನಮಗೆ ಬಟ್ಟಲಿನ ಕೆತ್ತನೆಗಿಂತ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಬಟ್ಟಲು ಮಾಡಿದವನ ಭಾವಚಿತ್ರವೂ ಅಲ್ಲಿಯೇ ಇದೆ. ಜಾನ್ ಸಿಂಗಲ್‌ಟನ್ ಕಾಪ್ಲಿ ಎಂಬ ಬೋಸ್ಟನ್ನಿನ ಚಿತ್ರಕಾರನು ಅದೇ 1768ರಲ್ಲಿ ಅದನ್ನು ಬರೆದನು. ಅಂದಿನ ಭಾವಚಿತ್ರಗಳಲ್ಲಿ ಸಿರಿವಂತರು ರೇಷ್ಮೆಯ ಮೇಲಂಗಿಯನ್ನೂ ಕೃತಕ ಕೂದಲನ್ನೂ ಧರಿಸಿ ಕುಳಿತಿರುವುದು ವಾಡಿಕೆ. ರಿವಿಯರನಾದರೋ ಮೇಲಂಗಿಯಿಲ್ಲದೆ ಬರಿಯ ಬಿಳಿಯ ಷರಟಿನಲ್ಲಿ ಕುಳಿತಿರುವನು. ಒಂದು ಕೈಯಲ್ಲಿ ಬೆಳ್ಳಿಯ ಚಹದ ಕುಡಿಕೆ, ಇನ್ನೊಂದು ಕೈ ಗಲ್ಲದ ಮೇಲೆ, ಮೇಜಿನ ಮೇಲೆ ಕೆತ್ತುವ ಉಳಿಗಳು. ಕೆಲಸದ ನಡುವೆ ತಲೆಯೆತ್ತಿ ಬಾಗಿಲಲ್ಲಿ ಬಂದವರು ಯಾರೆಂದು ನೋಡಿದಂತಿದೆ. ಕಸುಬುದಾರನನ್ನು ಅವನ ಕಸುಬಿನಲ್ಲಿಯೇ ತೋರಿಸಿದ ಈ ಚಿತ್ರವು ಅವನ ವಂಶದವರಿಗೆ ಮರ್ಯಾದೆಯದಾಗಿ ತೋರದೆ, ಬಹುಕಾಲ ಅಟ್ಟದ ಮೇಲೆ ಬಿದ್ದಿತ್ತೆಂಬ ಮಾತುಂಟು. 1930ರಲ್ಲಿ ಆ ವಂಶದವರೇ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಷರಟಿನ ತೋಳು ಕಂಡು ನಾಚಿದವರನ್ನು ನಾವು ನಗುವಂತಿಲ್ಲ. ತಾತನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿರುವ ಚಿತ್ರವನ್ನು ಮನೆಯ ಹಜಾರದಲ್ಲಿ ತೂಗುಹಾಕುವವರು ನಮ್ಮಲ್ಲಿಯೂ ವಿರಳ.

ಇನ್ನು ಛಾಯಾಚಿತ್ರಗಳು. ಇಂದು ಪ್ರತಿಯೊಬ್ಬನ ಜೇಬಿನಲ್ಲಿಯೂ ಕ್ಯಾಮರಾ ಇರುವುದರಿಂದ ಅಂದಿನ ವಿವಾದವು ವಿಚಿತ್ರವಾಗಿ ಕಾಣಬಹುದು. ಛಾಯಾಚಿತ್ರವನ್ನು ಯಂತ್ರವು ತೆಗೆಯುವುದು, ಆದಕಾರಣ ಅದು ಕಲೆಯಲ್ಲ, ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೊಡ್ಡವರ ಅಭಿಪ್ರಾಯವಾಗಿತ್ತು. ನ್ಯೂಯಾರ್ಕಿನ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ (1864–1946) ತನ್ನ ಆಯುಷ್ಯವನ್ನೆಲ್ಲ ಈ ಅಭಿಪ್ರಾಯದೊಡನೆ ಹೋರಾಡುವುದರಲ್ಲಿ ಕಳೆದನು. 1903ರಿಂದ 1917ರವರೆಗೆ ‘ಕ್ಯಾಮರಾ ವರ್ಕ್’ ಎಂಬ ಪತ್ರಿಕೆಯನ್ನು ನಡೆಸಿದನು. 1905ರಲ್ಲಿ ಐದನೆಯ ಅವೆನ್ಯೂವಿನ 291ನೆಯ ನಂಬರಿನ ಮನೆಯಲ್ಲಿ ಒಂದು ಸಣ್ಣ ಚಿತ್ರಶಾಲೆಯನ್ನು ತೆರೆದನು. ಆದರೂ ದೊಡ್ಡ ಕಲಾಸಂಗ್ರಹಾಲಯಗಳ ಬಾಗಿಲು ಛಾಯಾಚಿತ್ರಕ್ಕೆ ತೆರೆಯಲಿಲ್ಲ. ಇತರ ಕಲಾಕೃತಿಗಳ ದಾಖಲೆಗೆಂದು ಫೋಟೋಗಳನ್ನು ಇಟ್ಟುಕೊಳ್ಳುವರು. ಫೋಟೋವನ್ನೇ ಕೃತಿಯೆಂದು ಚೌಕಟ್ಟು ಹಾಕಿ ಇಡುವುದಕ್ಕೆ ಅವರ ಮನಸ್ಸು ಒಪ್ಪದು.

ಬೋಸ್ಟನ್ನಿನಲ್ಲಿ ಆ ಬಾಗಿಲನ್ನು ತೆರೆಸಿದವರು ಆನಂದ ಕುಮಾರಸ್ವಾಮಿಗಳು.

ಇವರು 1877ರಲ್ಲಿ ಕೊಲಂಬೊ ನಗರದಲ್ಲಿ ಜನಿಸಿದರು. ತಂದೆ ಸಿಂಹಳದ ತಮಿಳರಾದ ಸರ್ ಮುತ್ತು ಕುಮಾರಸ್ವಾಮಿ, ತಾಯಿ ಇಂಗ್ಲಿಷ್ ಮಹಿಳೆ. ಕಲಿತುದು ಭೂಗರ್ಭಶಾಸ್ತ್ರ. ಸಿಂಹಳದಲ್ಲಿ ಖನಿಜಗಳನ್ನು ಹುಡುಕುತ್ತ ಹಳ್ಳಿ ಹಳ್ಳಿ ಸುತ್ತುವಾಗ ಅವರ ಕಣ್ಣು ಕಲ್ಲಿನಿಂದ ಕುಶಲಕರ್ಮಿಗಳ ಕಡೆಗೆ ಹೊರಳಿತು. ಅಗ್ಗದ ವಿದೇಶೀ ಸಾಮಾನಿನ ಮುಂದೆ ನೇಕಾರ, ಕಂಚುಗಾರ, ಬಡಗಿಗಳ ವಿದ್ಯೆ ಅಳಿಯುತ್ತಿರುವುದನ್ನು ಕಂಡು, ಅವರು 1908ರಲ್ಲಿ ಸಿಂಹಳದ ಮಧ್ಯಯುಗದ ಕಲೆಯ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಹೊರತಂದರು. ಅನಂತರ ಉತ್ತರ ಭಾರತವನ್ನು ಸುತ್ತಿ ರಾಜಪುತ್ರ ಶೈಲಿಯ ಚಿತ್ರಗಳನ್ನು ಕೂಡಿಸಿದರು. ಆ ಚಿತ್ರಗಳಿಗೆ ಆಗ ಮಾರುಕಟ್ಟೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ತಮ್ಮ ಸಂಗ್ರಹವನ್ನು ನಾಡಿಗೇ ಒಪ್ಪಿಸುವೆವು, ಅದನ್ನಿಡಲು ರಾಷ್ಟ್ರೀಯ ಸಂಗ್ರಹಾಲಯದ ಕಟ್ಟಡವೊಂದನ್ನು ಕಟ್ಟಿಸಿಕೊಡಿ ಎಂದು ಅವರು ಕೇಳಿಕೊಂಡರು. ಕಟ್ಟಡ ಏಳಲಿಲ್ಲ. ರಾಜರುಗಳಿದ್ದರು, ಜಮೀನುದಾರರಿದ್ದರು, ಸರ್ಕಾರವಿದ್ದಿತು. ನಾಲ್ಕು ಗೋಡೆ ಒಂದು ಚಾವಣಿ ಒದಗಲಿಲ್ಲ. ಕೊನೆಗೆ ಬೋಸ್ಟನ್ನಿನ ಡೆನ್‌ಮನ್ ರಾಸ್ ಎಂಬ ಧನಿಕರು ಸಂಗ್ರಹವನ್ನು ಕೊಂಡು 1917ರಲ್ಲಿ ಆ ಊರಿನ ಸಂಗ್ರಹಾಲಯಕ್ಕೆ ಕೊಟ್ಟರು. ಚಿತ್ರಗಳ ಜೊತೆಗೆ ಕುಮಾರಸ್ವಾಮಿಗಳೂ ಭಾರತೀಯ ವಿಭಾಗದ ಅಧಿಕಾರಿಯಾಗಿ ಅಲ್ಲಿಗೆ ಹೋದರು. 1947ರ ಸೆಪ್ಟೆಂಬರಿನಲ್ಲಿ, ಭಾರತವು ಸ್ವತಂತ್ರವಾದ ಒಂದು ತಿಂಗಳೊಳಗೆ, ಅವರು ತೀರಿಕೊಂಡುದು ಅಲ್ಲಿಯೇ. ಹೋದುದು ಸಂಗ್ರಹ ಮಾತ್ರವೇ ಆಗಿದ್ದರೆ ಇಷ್ಟು ವ್ಯಸನ ಬೇಡವಾಗಿದ್ದಿತು. ಹೋದುದು ಅದನ್ನು ಓದಬಲ್ಲ ಕಣ್ಣು.

ಅಂತಹ ಕಣ್ಣು ಅಮೆರಿಕದವರ ವಸ್ತುವಿನ ಮೇಲೂ ಬಿದ್ದಿತು. ಸ್ಟೀಗ್ಲಿಟ್ಸನ ಪರಿಚಯವಾದ ಮೇಲೆ ಕುಮಾರಸ್ವಾಮಿಗಳು ಅವನ ಛಾಯಾಚಿತ್ರಗಳನ್ನು ಸಂಗ್ರಹಾಲಯಕ್ಕೆ ಬೇಕೆಂದು ಕೇಳಿದರು. ಕೇಳುವವರೇ ಇಲ್ಲದಿದ್ದ ಕಾಲವದು. 1924ರಲ್ಲಿ ಸ್ಟೀಗ್ಲಿಟ್ಸನು ಇಪ್ಪತ್ತೇಳು ಚಿತ್ರಗಳನ್ನು ತಾನೇ ಆರಿಸಿ, ತಾನೇ ಚೌಕಟ್ಟು ಹಾಕಿಸಿ ಕಾಣಿಕೆಯಾಗಿ ಕೊಟ್ಟನು. ಛಾಯಾಚಿತ್ರವನ್ನು ಕಲಾಕೃತಿಯೆಂದೇ ಸ್ವೀಕರಿಸಿದ ಅಮೆರಿಕದ ದೊಡ್ಡ ಸಂಗ್ರಹಾಲಯಗಳಲ್ಲಿ ಬೋಸ್ಟನ್ನಿನದು ಮೊದಲ ಸಾಲಿನದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು ಸ್ಟೀಗ್ಲಿಟ್ಸನ ಚಿತ್ರಗಳನ್ನು ತೆಗೆದುಕೊಂಡುದು 1928ರಲ್ಲಿ. ಅವನು ಸತ್ತ ಮೇಲೆ ಪತ್ನಿಯಾದ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ ಸಾವಿರಾರು ಚಿತ್ರಗಳನ್ನು ವಿಂಗಡಿಸಿ ದೇಶದ ಹಲವು ಸಂಗ್ರಹಾಲಯಗಳಿಗೆ ಹಂಚಿದಳು. ವಾಷಿಂಗ್‌ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯೊಂದಕ್ಕೇ ಸಾವಿರದ ಆರುನೂರಕ್ಕೂ ಹೆಚ್ಚು ಚಿತ್ರಗಳು ಸೇರಿದುವು. ಅಮೆರಿಕದ ಒಬ್ಬ ಕಲಾವಿದನನ್ನು ಅಮೆರಿಕದ ಸಂಗ್ರಹಾಲಯದೊಳಕ್ಕೆ ಕರೆತರಲು ಸಿಂಹಳದ ತಮಿಳು ಮನೆತನದವರೊಬ್ಬರು ಬೇಕಾದರು! ಮನೆಯ ದೀಪದ ಬೆಳಕು ಹೊರಗಿನಿಂದ ಬಂದವನಿಗೆ ಮೊದಲು ಕಾಣುವುದೂ ಉಂಟು.

ಕುಮಾರಸ್ವಾಮಿಗಳಿಗೆ ಸಂಗ್ರಹಾಲಯವೆಂದರೆ ಕುರುಡು ಭಕ್ತಿಯಿರಲಿಲ್ಲ. ಗಾಜಿನೊಳಗಿರುವ ವಸ್ತುಗಳಲ್ಲಿ ಬಹುಪಾಲು ಗಾಜಿನೊಳಗಿರಲು ಮಾಡಿದವುಗಳಲ್ಲವೆಂದೂ, ಉಣ್ಣಲು, ಉಡಲು, ಪೂಜಿಸಲು ಮಾಡಿದವುಗಳೆಂದೂ, ಅವು ಏತಕ್ಕೆ ಹುಟ್ಟಿದುವೆಂಬುದನ್ನು ನೋಡುಗನಿಗೆ ತಿಳಿಸದಿದ್ದರೆ ಪ್ರದರ್ಶನವು ವ್ಯರ್ಥವೆಂದೂ ಅವರು ಮತ್ತೆ ಮತ್ತೆ ಬರೆದರು. ರಿವಿಯರನ ಬಟ್ಟಲಿಗೆ ಈ ಮಾತನ್ನು ಹಚ್ಚಿ ನೋಡಬಹುದು. ತೊಂಬತ್ತೆರಡು ಮತಗಳ ಕಥೆ ಗೊತ್ತಿಲ್ಲದವನಿಗೆ ಅದು ಒಂದು ಬೆಳ್ಳಿಯ ಪಾತ್ರೆಯಷ್ಟೆ.

ಈ ಕಥೆಗೆ ಕನ್ನಡನಾಡಿನ ಎಳೆಯೊಂದು ಸೇರುವುದು ಬೋಸ್ಟನ್ನಿಗಿಂತ ಮುಂಚೆ, ಕಲ್ಕತ್ತೆಯಲ್ಲಿ. ಮೈಸೂರಿನ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬೋಸರು ಅಲ್ಲಿ ಇವರ ಸಹಪಾಠಿಗಳು. ಸೋದರಿ ನಿವೇದಿತಾ ಅವರು ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಒಂದು ಪುಸ್ತಕವನ್ನು ಅರ್ಧದಲ್ಲಿ ಬಿಟ್ಟು 1911ರಲ್ಲಿ ತೀರಿಕೊಂಡಾಗ, ಅದನ್ನು ಪೂರ್ಣಮಾಡಿ 1913ರಲ್ಲಿ ಪ್ರಕಟಿಸಿದವರು ಆನಂದ ಕುಮಾರಸ್ವಾಮಿಗಳು. ಆ ಪುಸ್ತಕಕ್ಕೆ ಅವನೀಂದ್ರರೂ ಅವರ ಶಿಷ್ಯರೂ ಬಣ್ಣದ ಚಿತ್ರಗಳನ್ನು ಬರೆದುಕೊಟ್ಟರು. ರಾಮಾಯಣದ ಭಾಗದ ಕೆಲವು ಚಿತ್ರಗಳು ನಮ್ಮ ವೆಂಕಟಪ್ಪನವರವು. ಹೀಗೆ ಸ್ಟೀಗ್ಲಿಟ್ಸನ ಛಾಯಾಚಿತ್ರಗಳನ್ನು ಕೇಳಿ ಪಡೆದ ಪಂಡಿತರ ಪುಸ್ತಕದಲ್ಲಿ, ಅದಕ್ಕೆ ಹನ್ನೊಂದು ವರ್ಷ ಮೊದಲೇ ಕನ್ನಡಿಗರೊಬ್ಬರ ಕುಂಚವು ಕೆಲಸಮಾಡಿತ್ತು.

ಮುಂದೆ ಒಂದು ಸೊಗಸಾದ ಹೋಲಿಕೆ ಏರ್ಪಟ್ಟಿತು. 1922ರಲ್ಲಿ ಸ್ಟೀಗ್ಲಿಟ್ಸನು ಮೋಡಗಳ ಕಡೆಗೆ ಕ್ಯಾಮರಾ ತಿರುಗಿಸಿದನು. ಅವನ ಭಾವಚಿತ್ರಗಳ ಶಕ್ತಿಯು ಎದುರು ಕುಳಿತವರ ಮುಖದ್ದೆಂದು ಕೆಲವರು ಹೇಳಿದ್ದರು. ಹಾಗಾದರೆ ಯಾರಿಗೂ ಸೇರದ, ಎಲ್ಲರಿಗೂ ಕಾಣುವ ಮೋಡವನ್ನೇ ತೆಗೆದು ತೋರಿಸುವೆನೆಂದು ಹಟ ಹಿಡಿದು, ಹತ್ತಾರು ವರ್ಷ ಮೋಡಗಳನ್ನು ತೆಗೆದನು. ವೆಂಕಟಪ್ಪನವರು ಮೈಸೂರಿಗೆ ಮರಳಿದ ಮೇಲೆ ಉದಕಮಂಡಲಕ್ಕೆ ಹೋಗಿ, ನೀಲಗಿರಿಯ ಮಂಜು, ಬೆಳುದಿಂಗಳು, ಮಳೆಮೋಡಗಳನ್ನು ಜಲವರ್ಣದಲ್ಲಿ ಬರೆದರು. ಇಬ್ಬರೂ ಪರಸ್ಪರರ ಹೆಸರನ್ನು ಕೇಳಿದ್ದರೆಂದು ನಾವು ಹೇಳುತ್ತಿಲ್ಲ. ಒಬ್ಬನದು ಕಪ್ಪು ಬಿಳುಪು, ಒಬ್ಬರದು ನೀಲಿ ಬೂದು. ಮಾತಿನಲ್ಲಿ ಹಿಡಿಯಲಾಗದುದನ್ನು ಕಾಗದದ ಮೇಲೆ ನಿಲ್ಲಿಸುವ ಹಂಬಲ ಒಂದೇ. ವೆಂಕಟಪ್ಪನವರು 1965ರಲ್ಲಿ ಕಾಲವಾದರು. ಅವರ ಚಿತ್ರಗಳೂ ಗಾರೆಯ ಉಬ್ಬುಶಿಲ್ಪಗಳೂ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನಲ್ಲಿಯೇ 1970ರ ದಶಕದಲ್ಲಿ ತಲೆಯೆತ್ತಿದ ಚಿತ್ರಶಾಲೆಗೆ ಸೇರಿದುವು. ಕುಮಾರಸ್ವಾಮಿಗಳಿಗೆ ಒದಗದ ಕಟ್ಟಡವು ವೆಂಕಟಪ್ಪನವರಿಗೆ ಒದಗಿತೆಂದು ಸಂತೋಷಪಡೋಣ. ಇಂದು ಅದೇ ರಸ್ತೆಯಲ್ಲಿ, 2023ರಿಂದ, ಕಲೆ ಮತ್ತು ಛಾಯಾಚಿತ್ರಗಳಿಗೇ ಮೀಸಲಾದ ಇನ್ನೊಂದು ಸಂಗ್ರಹಾಲಯವೂ ನಡೆಯುತ್ತಿದೆ.

ನಮ್ಮ ಕಡೆಯ ಮಾತನ್ನು ಹೇಳದೆ ಮುಗಿಸಿದರೆ ಲೇಖನವು ಪರದೇಶದ ವರದಿಯಾದೀತು. ಕೊಯಮತ್ತೂರು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗರೂ ಒಕ್ಕಲಿಗರೂ ತಲೆಮಾರುಗಳಿಂದ ನೆಲೆಸಿದ್ದಾರೆ. ಓದು ಬರಹವೆಲ್ಲ ತಮಿಳಿನಲ್ಲಿ. ತಾಯಿ ಮಗುವನ್ನು ಗದರಿಸುವುದು ಮಾತ್ರ ಕನ್ನಡದಲ್ಲಿ. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿಯ ಕಡೆಯ ಕನ್ನಡ ಹಳ್ಳಿಗಳು ಈಚೆಗೇ ಉಳಿದುವು. ಹೀಗೆ ಉಳಿದವರ ಚರಿತ್ರೆಯನ್ನು ಬರೆಯಲು ಕುಳಿತವನಿಗೆ ಶಾಸನ, ಕಡತ ಎಷ್ಟು ಸಿಕ್ಕಾವು? ಅವರ ಚರಿತ್ರೆಯಿರುವುದು ಮನೆಯ ಸಾಮಾನಿನಲ್ಲಿ. ಆ ಸಾಮಾನು ನಮ್ಮ ಕಣ್ಣೆದುರಿಗೇ ಕರಗುತ್ತಿದೆ. ವಿದ್ಯುತ್ ಮಗ್ಗ ಬಂದ ಮೇಲೆ ಕೈಮಗ್ಗದ ಮರ ಸೌದೆಗೆ ಹೋಯಿತು. ಹಿತ್ತಾಳೆಯ ಕೊಡ ತೂಕಕ್ಕೆ ಹೋಗಿ ಸ್ಟೀಲಿನ ಕೊಡ ಬಂದಿತು. ಬಣ್ಣದ ಪರದೆಯ ಮುಂದೆ ಕುರ್ಚಿ ಹಾಕಿ ತೆಗೆಸಿದ ಅಜ್ಜ ಅಜ್ಜಿಯರ ಫೋಟೋವನ್ನು, ಹುಳು ಹಿಡಿದಿದೆಯೆಂದು, ಮನೆಗೆ ಸುಣ್ಣ ಹೊಡೆಯುವ ದಿನ ಹೊರಗೆ ಎಸೆಯುವರು.

ಭಾನುವಾರಗಳಲ್ಲಿ ನಾವು ನಡೆಸುವ ಕನ್ನಡ ತರಗತಿಯಲ್ಲಿ ಬಟ್ಟಲಿನ ಕಥೆ ಹೇಳಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು. ಮನೆಯ ಹಳೆಯ ವಸ್ತುವೊಂದನ್ನು ತಂದು ತೋರಿಸಬೇಕು. ಮಾಡಿದವರು ಯಾರು, ಬಳಸಿದವರು ಯಾರು, ಏತಕ್ಕೆ, ಯಾವ ವರ್ಷ ಎಂದು ದೊಡ್ಡವರನ್ನು ಕೇಳಿ ಬರೆದು ತರಬೇಕು. ವಸ್ತುವನ್ನು ಮತ್ತೆ ಮನೆಗೇ ಒಯ್ಯಬೇಕು. ತರಗತಿಯಲ್ಲಿ ಉಳಿಯುವುದು ಒಂದು ನೋಟುಪುಸ್ತಕ ಮಾತ್ರ. ಕೆಲವು ತಾಯಂದಿರು ‘ಈ ಹಳೇ ಗುಜರಿ ಏಕೆ ಮೇಷ್ಟ್ರೇ, ಬೇಕಾದರೆ ಹೊಸದನ್ನೇ ಕಳುಹಿಸುತ್ತೇವೆ’ ಎಂದರು. ಆದರೂ ವಸ್ತುಗಳು ಬಂದುವು. ಒಬ್ಬ ಹುಡುಗಿ ತಂದ ಮದುವೆಯ ಫೋಟೋದ ಹಿಂಬದಿಯಲ್ಲಿ ನಾಲ್ಕು ಸಾಲಿನ ಬರಹವಿದ್ದಿತು. ಅಕ್ಷರ ತಮಿಳು, ಓದುತ್ತ ಹೋದರೆ ಮಾತು ಕನ್ನಡ. ಯಾವ ಗ್ರಂಥಾಲಯದಲ್ಲಿಯೂ ಇಲ್ಲದ ಆ ನಾಲ್ಕು ಸಾಲನ್ನು ಇದ್ದುದು ಇದ್ದಂತೆ, ತಪ್ಪು ಒಪ್ಪು ತಿದ್ದದೆ, ನೋಟುಪುಸ್ತಕದಲ್ಲಿ ಎತ್ತಿ ಬರೆದುಕೊಂಡಿದ್ದೇವೆ. ಇತರ ಊರುಗಳ ಉಪಾಧ್ಯಾಯ ಮಿತ್ರರೂ ಹೀಗೆ ಮಾಡಿ, ನಕಲನ್ನು ಸಂಘಕ್ಕೆ ಕಳುಹಿಸಿದರೆ ಈ ಪತ್ರಿಕೆಯಲ್ಲಿ ಅಚ್ಚುಹಾಕಬಹುದು. ಇದಕ್ಕೆ ಕಟ್ಟಡವೂ ಬೇಡ, ಗಾಜಿನ ಪೆಟ್ಟಿಗೆಯೂ ಬೇಡ.

ಇದುವರೆಗೆ ನೋಟುಪುಸ್ತಕಕ್ಕೆ ಏರಿರುವುದು ಹನ್ನೊಂದು ವಸ್ತು. ಕೊನೆಯದು ಒಂದು ಮರದ ಲಾಳಿ, ಎರಡು ಕೊನೆಗೂ ಕಬ್ಬಿಣದ ಮೂತಿಯಿರುವುದು, ಬೆರಳು ತಾಗುವ ಕಡೆ ಸವೆದು ನುಣುಪಾದುದು. ಬಳಸಿದವರು ಹುಡುಗನ ಮುತ್ತಜ್ಜಿ. ಮಾಡಿದ ಬಡಗಿಯ ಹೆಸರು ತಿಳಿದವರು ಸಿರುಮುಗೈಯಲ್ಲಿರುವ ಒಬ್ಬ ದೊಡ್ಡಪ್ಪನವರಂತೆ. ಮುಂದಿನ ವಾರ ಕೇಳಿಕೊಂಡು ಬರುವುದಾಗಿ ಹುಡುಗನು ಹೇಳಿದ್ದಾನೆ.